ತೊಳೆಯುವ ಮುನ್ನ ತೊಳೆದ ಕಾಲು

ಪವಿತ್ರ ಗುರುವಾರದ ಸಂಜೆ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ್ರಿಗಳಿಂದ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಕಡಲಂಚಿನ ಹೊಯ್ಗೆವಾಡಾದವನೊಬ್ಬನೂ, ಇಗರ್ಜಿ ಕಟ್ಟಿದಾಗಿನಿಂದ, ಕೂತಿರಲಿಲ್ಲ. ಇಗರ್ಜಿಗೆ ಕಲ್ಲು ಹೊತ್ತವರು ಅವರು. ಗಂಟೆಯ ಹಗ್ಗ ಎಳೆಯುವವರು ಅವರು. ಸತ್ತವರಿಗೆ ಗುಂಡಿ ತೋಡುವವರೂ ಅವರೇ. ಹನ್ನೆರಡು ಕುರ್ಚಿಗಳು ಮಾತ್ರ ಮುಂದಿನ ಬೆಂಚಿನ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ, ಮಗ ಇಲ್ಲದಿದ್ದರೆ ಅಳಿಯನಿಗೆ, ತೆಂಗಿನ ತೋಟದ ಹಾಗೆ ಇಳಿದು ಬರುತ್ತಿದ್ದವು.

ಈ ವರ್ಷ ಹನ್ನೆರಡನೆಯ ಹೆಸರು ಇನಾಸನದಾಗಿತ್ತು.

ಗರಿಗಳ ಭಾನುವಾರ ಹೊಸ ಪಾದ್ರಿ ಫಾದರ್ ರೋಷನ ಅದನ್ನು ಓದಿದಾಗ ಮುಂದಿನ ಬೆಂಚುಗಳಲ್ಲಿ ಒಮ್ಮೆಲೇ ಕೆಮ್ಮು ಹಬ್ಬಿತು. ಹಿಂದೆ, ಬಾಗಿಲ ಹತ್ತಿರ ನಿಲ್ಲುವ ಹೊಯ್ಗೆವಾಡಾದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಇನಾಸನ ತಾಯಿ ಆನಮಾಯ್‌ಗೆ ಕಿವಿ ಮಂದ. ಪಕ್ಕದವಳು ಕಿವಿಗೆ ಬಾಯಿ ಹಚ್ಚಿ ಹೇಳಿದ ಮೇಲೆ ಆಕೆ ಇದ್ದಲ್ಲೇ ನೆಲಕ್ಕೆ ಕೂತು, "ಸಾಯೂದ್ರೊಳಗೆ ನಮ್ಮವ್ನೊಬ್ಬ ಆ ಕುರ್ಚಿ ಮೇಲೆ ಕೂರೂದು ನೋಡ್ತೆ ಅಂದಾಯ್ತು" ಎಂದು ಅತ್ತಳು. ಮೆಲ್ಲಗೆ ಅತ್ತೆನೆಂದು ಅವಳ ಲೆಕ್ಕ. ಇಡೀ ಇಗರ್ಜಿ ತಿರುಗಿ ನೋಡಿತು.

ಇನಾಸ ಕಾರವಾರದ ಬೈತಖೋಲ ಬಂದರದಲ್ಲಿ ದೋಣಿಗಳಿಗೆ ಬಣ್ಣ ಬಳಿಯುವವನು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೆಣ್ಣು ಕೊಡಲು ಬಂದವರು ಅವನ ಮೈಯ ಟರ್ಪೆಂಟೈನ್ ವಾಸನೆಗೆ ಅಂಗಳದಿಂದಲೇ ತಿರುಗಿ ಹೋಗಿದ್ದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ ಫಾದರ್ ರೋಷನ ಹಣೆಗೆ ಬೂದಿ ಹಚ್ಚುತ್ತ, "ದೊಡ್ಡ ಸಂತರಾಗೂದು ಬೇಡ. ದಿನಾ ಒಂದು ಗೇಣು ದೇವರ ಕಡೆ ಸರೀರಿ, ಸಾಕು" ಎಂದಿದ್ದರು. ಗೇಣು ಅಂದರೆ ಇನಾಸನಿಗೆ ಅರ್ಥವಾಗುವ ಅಳತೆ. ದೋಣಿಯ ಮೈಯನ್ನೂ ಅವನು ಗೇಣು ಗೇಣೇ ಬಣ್ಣ ಮಾಡುವುದು. ಹಾಗಾಗಿ ಫೆನಿ ಕುಡಿಯುವುದು ಬಿಟ್ಟ. ಬೆಳಿಗ್ಗೆ ಕುಂಚ ಮುಟ್ಟುವ ಮೊದಲು ಜಪಸರದ ಹತ್ತು ಮಣಿ ಎಣಿಸಲು ಹಿಡಿದ. ಮೂರನೆಯದಾಗಿ ಬೈಗುಳ ಬಿಟ್ಟ.

ಕಷ್ಟವಾದದ್ದು ಇದೊಂದೇ. ಏಣಿ ಜಾರಿದಾಗ, ಡಬ್ಬಿ ಮಗುಚಿದಾಗ, ಹಸಿ ಬಣ್ಣದ ಮೇಲೆ ಕಾಗೆ ಕೂತಾಗ ಬಾಯಿಗೆ ಏನಾದರೂ ಬೇಕಲ್ಲ. ಇನಾಸ ಅಂಥ ಹೊತ್ತಿಗೆ ಸಂತರನ್ನು ಕರೆಯತೊಡಗಿದ. ಆದರೆ ಹಲ್ಲು ಕಡಿದು, ಹುಬ್ಬು ಗಂಟಿಕ್ಕಿ ಅವನು "ಸಂತ ಅಂತೋನೀ!" ಎಂದು ಗುಡುಗುವ ರೀತಿಗೆ ಬಂದರದ ಮೀನುಗಾರ ಹರಿಕಂತ್ರರೆಲ್ಲ ಇದು ಗೋವಾ ಕಡೆಯಿಂದ ಬಂದ ಯಾವುದೋ ಹೊಸ ಕೆಟ್ಟ ಮಾತು ಎಂದೇ ತಿಳಿದು, ತಾವೂ ಬಲೆ ಹರಿದಾಗ ಬಳಸಲು ಸುರುಮಾಡಿದ್ದರು.

ಗುರುವಾರ ಬೆಳಿಗ್ಗೆ ಇಗರ್ಜಿ ಸಮಿತಿಯ ಅಧ್ಯಕ್ಷ ಸಾಲ್ವದೋರ ಬಾಬ ಹೊಯ್ಗೆವಾಡಾಕ್ಕೆ ಬಂದರು. ಹೊಯ್ಗೆಯಲ್ಲಿ ಬೂಟು ಹೂತುಹೋಗಬಾರದೆಂದು ಬೆಕ್ಕಿನ ಹಾಗೆ ಹೆಜ್ಜೆ ಎತ್ತಿಟ್ಟು, ಇನಾಸನ ಮೆಟ್ಟಿಲ ಮುಂದೆ ನಿಂತು, ಅವನ ಮುಖ ನೋಡದೆ ನೇರ ಕೆಳಗೆ ನೋಡಿದರು.

"ಇದು ಕಾಲಾ?"

ಇನಾಸನೂ ಕೆಳಗೆ ನೋಡಿದ. ಕಾಲೇ. ಹಿಮ್ಮಡಿಯಲ್ಲಿ ನೀಲಿ, ಬೆರಳಸಂದಿಯಲ್ಲಿ ಹಸಿರು, ಪಾದದ ಮೇಲೆ ಕೆಂಪು ಆಕ್ಸೈಡು, ಅದರಡಿ ಹಳದಿ, ಎಲ್ಲಕ್ಕೂ ತಳದಲ್ಲಿ ಡಾಂಬರು. ಯಾವ ದೋಣಿ ಯಾವ ಮಳೆಗಾಲದ ಮುಂದೆ ಬಣ್ಣ ಕಂಡಿತೆಂದು ಬಂದರದವರು ಅವನ ಕಾಲು ನೋಡಿ ಹೇಳುತ್ತಿದ್ದರು. ಚಪ್ಪಲಿ ಹಾಕಿದರೆ ಏಣಿ ಹಿಡಿತಕ್ಕೆ ಸಿಗುವುದಿಲ್ಲವೆಂದು ಅವನದು ಬರಿಗಾಲ ಕೆಲಸ.

"ಕಾಲೇ ಬಾಬ."

"ಪಾದ್ರಿಗಳು ಇದನ್ನ ಮುಟ್ಟಬೇಕು. ಮುಟ್ಟಿ, ತೊಳೆದು, ಮುತ್ತು ಕೊಡಬೇಕು. ಗೊತ್ತದೆ ಅಲಾ?"

"ಗೊತ್ತದೆ."

"ನಾವೆಲ್ಲ ತೊಳೆದುಕೊಂಡು, ಪೌಡರು ಹಾಕ್ಕೊಂಡು ಹೋಗಿ ಕೂರೂದು. ನಮ್ಮ ಅಪ್ಪ ಆವತ್ತು ಮಧ್ಯಾಹ್ನದಿಂದ ನೆಲಕ್ಕೇ ಕಾಲಿಡ್ತಿರಲಿಲ್ಲ. ಸಂಜೆಯೊಳಗೆ ಇದು ಬೆಳ್ಳಗಾಗಬೇಕು. ಆಗ್ಲಿಲ್ಲ ಅಂದ್ರೆ, 'ಹೊಯ್ಗೆವಾಡಾದವರನ್ನ ಕೂರ್ಸಿ ನೋಡಿದ್ವಿ ಫಾದರ್, ಇದೇ ಕತೆ' ಅಂತ ನಾನು ಹೇಳಬೇಕಾಗ್ತದೆ. ಮುಂದಿನ ವರ್ಷ ಮೊದ್ಲಿನ ಹಾಗೇ."

"ಆದ್ರೆ ಬಾಬ, ತೊಳೆಯೂದಕ್ಕೇ ಅಲ್ವಾ ಅವರು ಕೂರ್ಸೂದು?"

ಸಾಲ್ವದೋರ ಬಾಬ ಅವನನ್ನು ಮೊದಲ ಸಲ ಮುಖವೆತ್ತಿ ನೋಡಿದರು. ಬಡವರಿಗೆ ತರ್ಕ ಬಂದಾಗ ಮುಂದಿನ ಬೆಂಚಿನವರು ನೋಡುವ ನೋಟ ಅದು. "ತೊಳೆದ ಕಾಲನ್ನೇ ತೊಳೆಯೂದು. ಅದು ಶಾಸ್ತ್ರ" ಎಂದು ಹೇಳಿ, ಅದೇ ಬೆಕ್ಕಿನ ನಡಿಗೆಯಲ್ಲಿ ಹೊರಟುಹೋದರು.

ಹೊಯ್ಗೆವಾಡಾದಲ್ಲಿ ಗೋಡೆಗಳು ತೆಂಗಿನ ತಟ್ಟಿಯವು. ಗುಟ್ಟು ನಿಲ್ಲುವುದಿಲ್ಲ. ಬಾಬ ರಸ್ತೆ ಮುಟ್ಟುವ ಮೊದಲೇ ಪಕ್ಕದ ಮನೆಯ ವೈಜಯಂತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಮೀನು ಮಾರುವವಳು. ದೇವರು ಬೇರೆಯಾದರೂ ಹೊಯ್ಗೆ ಒಂದೇ. ಇನಾಸನ ಕಾಲು ಈಗ ವಾಡಾದ ಕಾಲು ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು.

"ಬೆಳ್ಳಗೆ ಬೇಕಂತಾ ಅವ್ನಿಗೆ? ಕೂರಾ ಇಲ್ಲಿ, ತಮಾ."

"ಬೇಡ ಅಕ್ಕಾ, ನಾನೇ..."

"ಕೂರಾ ಅಂದೆ!"

ಮೊದಲು ಸೀಮೆಎಣ್ಣೆ ಹೊಯ್ದಳು. ಆಮೇಲೆ ತೆಂಗಿನ ಸಿಪ್ಪೆ, ಬೂದಿ. ಹಳದಿಯವರೆಗೆ ಇಳಿದಳು, ಡಾಂಬರು ಅಲುಗಲಿಲ್ಲ. ಆಗ ಒಳಗೆ ಹೋಗಿ, ಮೀನಿನ ಹುರುಪೆ ಕೆರೆಯುವ ಹಿತ್ತಾಳೆಯ ಹಲ್ಲುಪಟ್ಟಿ ತಂದು, ಅವನ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಬಾಲದಿಂದ ತಲೆಯ ಕಡೆಗೆ, ಇಸೋಣ ಮೀನು ಕೆರೆದ ಹಾಗೆ ಕೆರೆಯತೊಡಗಿದಳು.

"ಸಂತ ಅಂತೋನೀ! ಸಂತ ಸೆಬೆಸ್ತಿಯಾನಾ!"

"ಬಾಯಿ ಕೆಟ್ಟದು ಮಾಡ್ಬೇಡ, ಇವತ್ತು ನಿಮ್ಮ ಒಳ್ಳೇ ದಿನ" ಎಂದು ವೈಜಯಂತಿ ಬೈದಳು.

ಮೆಟ್ಟಿಲ ಸುತ್ತ ನೆರೆದ ಹೆಂಗಸರು ತಲೆಗೊಂದು ಮಾತು ಆಡಿದರು. ಕಾಮಿ ಎಂಬವಳು ಹುಣಸೆಹಣ್ಣು ಎಂದಳು. ಗಂಗೂ ಎಂಬವಳು, ಕಾಲು ಬಿಟ್ಟು ಕೈ ತೋರಿಸಿದರೆ ಆಗೂದಿಲ್ವಾ ಎಂದು ಕೇಳಿದಳು. ಆನಮಾಯ್ ಮಾತ್ರ ಒಳಗೆ ಪೆಟ್ಟಿಗೆ ತೆಗೆದು, ಸತ್ತ ಗಂಡ ಮದುವೆಯಲ್ಲಿ ಹಾಕಿದ್ದ ಬಿಳಿ ಸಾಕ್ಸು ಹುಡುಕುತ್ತಿದ್ದಳು. ಅದರೊಳಗೆ ಮಡಿಸಿಟ್ಟ ನುಸಿಗುಳಿಗೆಗಳು ಅವಳ ಮದುವೆಯಷ್ಟೇ ಹಳೆಯವು.

ಗಂಟೆ ಹತ್ತಾಗುವಾಗ ಕಾಲು ಬೆಳ್ಳಗಾಗಿರಲಿಲ್ಲ. ಕೆಂಪಗಾಗಿತ್ತು, ಅಲ್ಲಲ್ಲಿ ಚುಕ್ಕೆ ಚುಕ್ಕೆ ಬಣ್ಣ ಉಳಿದಿತ್ತು, ಸೀಮೆಎಣ್ಣೆ ಮತ್ತು ಮೀನು ಎರಡೂ ನಾರುತ್ತಿತ್ತು. ವೈಜಯಂತಿ ಸೋಲೊಪ್ಪುವ ಹೆಂಗಸಲ್ಲ. "ಅಂಕೋಲಾದಲ್ಲಿ ನಮ್ಮ ತಂಗಿ ಸುಮಲತಾದು ಪಾರ್ಲರ್ ಅದೆ, ಬಾಳೆಗುಳಿ ಹತ್ರ. ಮದುಮಗಳ ಕಾಲು ಮಾಡೂದು ಅವಳ ಕೈಲೇ ಆಗಬೇಕು. ನಾನು ಫೋನ್ ಮಾಡ್ತೆ. ನೀನು ಬಸ್ ಹತ್ತು" ಎಂದಳು.

"ಹೆಂಗಸರ ಪಾರ್ಲರಿಗೆ ನಾನು?"

"ಕಾಲಿಗೆ ಎಂತಾ ಗಂಡು, ಎಂತಾ ಹೆಣ್ಣು? ನಡಿ."

ದಾರಿಯಲ್ಲಿ ಮತ್ತೆ ಕೊಳೆಯಾಗಬಾರದೆಂದು ಎರಡೂ ಕಾಲಿಗೆ ಮೀನಿನ ಪ್ಲಾಸ್ಟಿಕ್ ಚೀಲ ಸುತ್ತಿ, ಬಲೆಯ ಹುರಿಯಲ್ಲಿ ಬಿಗಿದು ಕಳಿಸಿದಳು.

ಬಸ್ಸಿನಲ್ಲಿ ಇನಾಸ ಕಿಟಕಿಗೆ ಮುಖ ಮಾಡಿ ಜಪಸರ ಹಿಡಿದ. ನಾಲ್ಕನೆಯ ಮಣಿಗೆ ಪಕ್ಕದ ಮುದುಕ ಬಗ್ಗಿ ಚೀಲ ನೋಡಿದ. ಮೂಗಿಗೆ ವಾಸನೆ ಬಡಿದು ಹಿಂದೆ ಸರಿದ.

"ಸಕ್ಕರೆ ಕಾಯಿಲೆಯಾ, ತಮಾ?"

ಪವಿತ್ರ ಗುರುವಾರ. ಸುಳ್ಳು ಹೇಳಬಾರದು. ಪಾದ್ರಿಗಳು ಕಾಲು ತೊಳೆಯುತ್ತಾರೆ, ಅದಕ್ಕೆ ಮೊದಲೇ ತೊಳೆಸಿಕೊಳ್ಳಲು ಹೆಂಗಸರ ಪಾರ್ಲರಿಗೆ ಹೊರಟಿದ್ದೇನೆ ಎಂಬ ಸತ್ಯವನ್ನು ಇನಾಸ ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದ. ಅದು ಸುಳ್ಳಿಗಿಂತ ಸುಳ್ಳಾಗಿ ಕೇಳಿಸಿತು.

"ಹೌದು" ಎಂದ.

"ಛೇ ಛೇ! ಕಂಡಕ್ಟರ್ರೇ, ಈ ಮನಷ್ಯಾನ ಕಾಲು ಕೊಳೆತು ನಾರ್ತಾ ಅದೆ!"

ಆ ಮೇಲೆ ಇನಾಸನ ಕೈಯಲ್ಲಿ ಏನೂ ಉಳಿಯಲಿಲ್ಲ. ಕಂಡಕ್ಟರ್ ಅವನನ್ನು ಎಬ್ಬಿಸಿ ಮುಂದಿನ ಸೀಟಿಗೆ ತಂದ. ಹಣಕೋಣದಿಂದ ಬಂದಿದ್ದ ಹೆಂಗಸೊಬ್ಬಳು ಹಾಗಲಕಾಯಿ ರಸ ಎಂದಳು. ಕದ್ರಾದಲ್ಲಿ ನೌಕರಿ ಮಾಡುವವನೊಬ್ಬ, ತನ್ನ ಚಿಕ್ಕಪ್ಪನಿಗೂ ಹೀಗೇ ಬೆರಳಿನಿಂದ ಸುರುವಾಗಿ ಮೊಣಕಾಲಿನವರೆಗೆ ಕತ್ತರಿಸಿದ್ದನ್ನು ಊಟ ಬಡಿಸಿದಷ್ಟು ವಿವರವಾಗಿ ಹೇಳಿದ. ಮುದುಕ ಇನಾಸನ ಕೈಯ ಜಪಸರ ತೋರಿಸಿ, "ಪಾಪ, ಆಸೆ ಬಿಟ್ಟಿದ್ದಾನೆ" ಎಂದು ಕಣ್ಣೊರೆಸಿಕೊಂಡ. ಅಂಕೋಲಾ ಮುಟ್ಟಿದಾಗ ಡ್ರೈವರು ನಿಲ್ದಾಣ ಬಿಟ್ಟು ಬಸ್ಸನ್ನು ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದ. ಇಬ್ಬರು ಇನಾಸನ ಕಂಕುಳಿಗೆ ಕೈಕೊಟ್ಟು ಇಳಿಸಿದರು. ಅವನು ಒಳಗೆ ಹೋಗುವುದನ್ನು ನೋಡದೆ ಬಸ್ಸು ಕದಲುವಂತಿರಲಿಲ್ಲ. ಇನಾಸ ಕುಂಟುತ್ತ ಒಳಗೆ ಹೋದ, ಕಂಬದ ಮರೆಯಲ್ಲಿ ನಿಂತು ಹಾರ್ನು ದೂರವಾಗುವುದನ್ನು ಕೇಳಿಸಿಕೊಂಡ, ಹೊರಗೆ ಬಂದು ರಿಕ್ಷಾ ಹಿಡಿದ. ಒಂದು ಗೇಣು ದೇವರ ಕಡೆ ಸರಿಯಬೇಕಾದ ದಿನ ನಾಲ್ಕು ಮಾರು ಹಿಂದೆ ಬಂದೆನಲ್ಲ ಎಂದು ಅವನಿಗೆ ಅನ್ನಿಸಿತು.

ಪಾರ್ಲರಿನ ಬಾಗಿಲಲ್ಲಿ 'ಗಂಡಸರಿಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಒಳಗೆ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು, ಅವಳ ಅತ್ತೆ, ಚಿಕ್ಕಮ್ಮ, ಅತ್ತಿಗೆಯಂದಿರು ಸಾಲಾಗಿ ಕೂತಿದ್ದರು. ಸುಮಲತಾ ಅಕ್ಕನಷ್ಟೇ ಗಟ್ಟಿ ದನಿಯಲ್ಲಿ, "ಬನ್ನಿ ಇನಾಸಣ್ಣಾ! ಇವ್ರದ್ದು ಇವತ್ತು ಸಂಜೆ ಕಾಲು ತೊಳೆಯೂ ಶಾಸ್ತ್ರ ಅದೆ. ಅರ್ಜಂಟು" ಎಂದು ಸಾರಿದಳು.

ಹೆಂಗಸರ ಮುಖ ಅರಳಿತು. ಕಾಲು ತೊಳೆಯುವ ಶಾಸ್ತ್ರ ಅವರಿಗೆ ಗೊತ್ತಿದ್ದದ್ದು ಒಂದೇ: ಧಾರೆಯ ಮುಂಚೆ ಮಾವನು ಅಳಿಯನಿಗೆ ಮಾಡುವುದು.

"ವಯಸ್ಸು ಸ್ವಲ್ಪ ಆಯ್ತು, ಆದ್ರೂ ಒಳ್ಳೇದಾಯ್ತು" ಎಂದಳು ಚಿಕ್ಕಮ್ಮ. "ಹುಡುಗಿ ಯಾವ ಊರಿನದು?"

"ಹುಡುಗಿ ಇಲ್ಲ."

"ಹುಡುಗಿ ಇಲ್ಲದೆ ಕಾಲು ಯಾರು ತೊಳೀತಾರೆ?"

"ನಮ್ಮ ಪಾದ್ರಿಗಳು. ಹನ್ನೊಂದು ಜನರದ್ದು ತೊಳೆದ ಮೇಲೆ ನಂದು."

ಹೆಂಗಸರು ಬೆರಳು ಮಡಿಸಿ ಹನ್ನೆರಡು ಎಣಿಸಿದರು. ಆಮೇಲೆ ಅತ್ತೆ, ಇಂಥ ಸಾಮೂಹಿಕ ಮದುವೆಯೇ ಒಳ್ಳೆಯದು, ಖರ್ಚು ಉಳಿಯುತ್ತದೆ ಎಂದು ತೀರ್ಪು ಕೊಟ್ಟಳು.

ಸುಮಲತಾ ಚೀಲ ಬಿಚ್ಚಿ, ಮೂಗು ಮುಚ್ಚಿ, ಕೆಲಸ ಹಿಡಿದಳು. ಬಿಸಿನೀರು, ನೊರೆ, ಕಲ್ಲು, ಗರ್ರೆನ್ನುವ ಒಂದು ಯಂತ್ರ. ಪದರ ಪದರವಾಗಿ ಬಣ್ಣ ಬಿಡುತ್ತ ಬಂತು. "ಅಯ್ಯೋ, ಇಲ್ಲೊಂದು ಹಸಿರು!" "ನೋಡ್ರೇ, ಅದರಡಿ ಮತ್ತೊಂದು ನೀಲಿ!" ಮದುಮಗಳು ತನ್ನ ಸರದಿ ಮರೆತು ಬಗ್ಗಿ ನೋಡುತ್ತಿದ್ದಳು. ಕೊನೆಗೆ ಡಾಂಬರೂ ಬಿಟ್ಟಿತು. ತೊಟ್ಟಿಯ ನೀರು ಬಂದರದ ನೀರಿನ ಹಾಗಾಗಿತ್ತು, ಅದರೊಳಗಿಂದ ಎರಡು ಕಾಲು, ಸಿಪ್ಪೆ ಸುಲಿದ ಶೆಟ್ಲಿ ಸಿಗಡಿಯ ಹಾಗೆ, ನಸುಗೆಂಪು ಬಿಳಿ ಬಣ್ಣದಲ್ಲಿ ಮೇಲೆ ಬಂದವು.

ಇನಾಸ ಅವನ್ನು ನೋಡಿದ. ಯಾರೋ ಸರ್ಕಾರಿ ಆಫೀಸಿನವರ ಕಾಲು ತಪ್ಪಿ ತನಗೆ ಬಂದಿದೆ ಅನ್ನಿಸಿತು. ಹೆಬ್ಬೆರಳ ಪಕ್ಕದಲ್ಲಿ, ಹಿಂದೆ ಯಾವಾಗಲೋ ಲಂಗರು ಬಿದ್ದು ಆದ ಗಾಯದ ಕಲೆ ಹಾಗೇ ಇತ್ತು. ಅದೊಂದು ಸಿಕ್ಕಿದ್ದಕ್ಕೆ ಅವನು ಹೆಸರಿಲ್ಲದ ಯಾವುದೋ ಸಂತನಿಗೆ ವಂದನೆ ಹೇಳಿದ, ಈ ಸಲ ಮೆಲ್ಲಗೆ.

ಹೊಸ ಚೀಲ ಸುತ್ತಿಸಿಕೊಂಡು ಕಾರವಾರಕ್ಕೆ ವಾಪಸು ಬಂದು ಇಳಿದಾಗ ಮಧ್ಯಾಹ್ನ ಕಳೆದಿತ್ತು. ಬಸ್ ನಿಲ್ದಾಣದಲ್ಲೇ ಬೊಮ್ಮಯ್ಯ ಹಿಡಿದುಕೊಂಡ. ಬೊಮ್ಮಯ್ಯ, ಇನಾಸ ಬಣ್ಣ ಬಳಿಯುತ್ತಿದ್ದ ದೋಣಿಯ ಮಾಲೀಕ. ದೋಣಿ ಅರ್ಧ ಬಣ್ಣದಲ್ಲಿ ನಿಂತು ನಾಲ್ಕು ದಿನವಾಗಿತ್ತು.

"ಎಲ್ಲಿಗೆ ಹೋಗಿದ್ಯಾ ಮಾರಾಯಾ? ನಾಳೆ ಹೊತ್ತಾರೆ ದೋಣಿ ನೀರಿಗೆ ಇಳಿಬೇಕು. ಹೆಸರಲ್ಲಿ ಒಂದು ಅಕ್ಷರ ಬಾಕಿ. 'ಜಲದು' ಅಂತ ನಿಂತದೆ. 'ರ್ಗಾ' ಯಾರು ಬರೆಯೂದು, ನಿಮ್ಮ ಪಾದ್ರಿಯಾ?"

"ಬೊಮ್ಮಯ್ಯಣ್ಣಾ, ಇವತ್ತು ಕಾಲು ನೆಲಕ್ಕಿಡುವ ಹಾಗಿಲ್ಲ."

"ಕಾಲು ಯಾರು ಕೇಳಿದ್ರು? ನನಗೆ ಕೈ ಬೇಕು."

ಇನಾಸ ಬೇಡ ಎನ್ನುವಷ್ಟರಲ್ಲಿ ಅವನು ಬಂದರದಲ್ಲಿದ್ದ. ಬೊಮ್ಮಯ್ಯನ ನಾಲ್ಕು ಆಳುಗಳು ಮೀನು ತುಂಬುವ ದೊಡ್ಡ ಪ್ಲಾಸ್ಟಿಕ್ ಕ್ರೇಟು ತಂದರು, ಅದರಲ್ಲಿ ಅವನನ್ನು ಕೂರಿಸಿದರು, ಹೆಗಲಿಗೆತ್ತಿಕೊಂಡು ಹೊಯ್ಗೆಯ ಮೇಲೆ ನಡೆದರು. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಬಣ್ಣದ ಡಬ್ಬಿ, ಚೀಲ ಸುತ್ತಿದ ಕಾಲು ಮುಂದಕ್ಕೆ ಚಾಚಿ ಇನಾಸ ಗಾಳಿಯಲ್ಲಿ ತೇಲುತ್ತ ಹೋದ. ಬಲೆ ಹೆಣೆಯುತ್ತಿದ್ದವರು ಎದ್ದು ನಿಂತು ಕೈಮುಗಿದರು. ಯಾರೋ ಖಾಲಿ ಡಬ್ಬಿಯನ್ನು ತಾಳದಂತೆ ಬಡಿದರು. "ಬಲಕ್ಕೆ! ಎತ್ತರಕ್ಕೆ! ಸ್ವಲ್ಪ ಕೆಳಗೆ!" ಎಂದು ಬೊಮ್ಮಯ್ಯ ಕೂಗಿದಂತೆ ಆಳುಗಳು ಸಂತನನ್ನು ದೋಣಿಯ ಮೂತಿಯ ಮುಂದೆ ಆಡಿಸಿದರು. ಇನಾಸ 'ರ್ಗಾ' ಬರೆದ. ಅಷ್ಟರಲ್ಲಿ ಒಬ್ಬನ ಕಾಲಿಗೆ ಏಡಿ ಕಚ್ಚಿತು. ಕ್ರೇಟು ವಾಲಿತು. ಡಬ್ಬಿಯಲ್ಲಿದ್ದ ಕೆಂಪೆಲ್ಲ ಇನಾಸನ ಕಾಲು ತಪ್ಪಿಸಿ, ಕೂದಲೆಳೆಯಲ್ಲಿ ತಪ್ಪಿಸಿ, ಬೊಮ್ಮಯ್ಯನ ಬೋಳು ತಲೆಯ ಮೇಲೆ ಸುರಿಯಿತು.

"ಸಂತ ಅಂತೋನೀ!" ಎಂದು ಬೊಮ್ಮಯ್ಯ ಕಿರುಚಿದ. ಬಂದರದ ಗೋಡೆ ಅದನ್ನು ಎರಡು ಸಲ ಹೇಳಿತು.

ಸಂಜೆ ಇನಾಸ ಅಪ್ಪನ ಸಾಕ್ಸು ಹಾಕಿದ. ಹೊಯ್ಗೆವಾಡಾದಿಂದ ಇಗರ್ಜಿಯ ಮೆಟ್ಟಿಲವರೆಗೆ ವೈಜಯಂತಿಯ ಗಂಡನ ಸ್ಕೂಟರಿನ ಹಿಂದೆ, ಕಾಲನ್ನು ನೆಲದಿಂದ ಮೇಲೆತ್ತಿ ಹಿಡಿದು ಬಂದ. ಅಷ್ಟು ತೆಳ್ಳಗಾಗಿದ್ದ ಅಂಗಾಲಿಗೆ ಸಾಕ್ಸಿನ ನೂಲೂ ಚುಚ್ಚುತ್ತಿತ್ತು. ಆದರೂ ಅವನಿಗೆ ಒಳಗೊಳಗೆ ಸಂತೋಷವಿತ್ತು. ಸುವಾರ್ತೆಯಲ್ಲಿ ಬರುವ ಹನ್ನೆರಡು ಮಂದಿ ಶಿಷ್ಯರಲ್ಲಿ ಅವನಿಗೆ ಬಳಕೆಯವನು ಪೇತ್ರನೊಬ್ಬನೇ. ದೋಣಿ ಇಟ್ಟವನು, ಬಲೆ ಎಳೆದವನು, ಬಾಯಿ ಹರಕ, ಕಾಲು ಖಂಡಿತ ಮೀನು ನಾತ. ಯೇಸು ಬೋಗುಣಿ ಹಿಡಿದು ಬಂದಾಗ ಇದೇ ಪೇತ್ರ, ನನ್ನ ಕಾಲು ನೀನು ಮುಟ್ಟಬಾರದು ಎಂದು ಹಟ ಹಿಡಿದಿದ್ದ. ಬಂದರದ ಹೊಯ್ಗೆಯಲ್ಲಿ ತಾನು ಹತ್ತು ಮಣಿ ಎಣಿಸುವಾಗೆಲ್ಲ ಇನಾಸ ಅವನನ್ನು ನೆನೆಯುತ್ತಿದ್ದ. ತಪಸ್ಸುಕಾಲದುದ್ದಕ್ಕೂ ಅವನು ಬೇಡಿಕೊಂಡದ್ದು, ತಾನು ಇದ್ದ ಹಾಗೇ ಒಂದು ದಿನ ಆ ಬೋಗುಣಿಯ ಮುಂದೆ ಕೂರಬೇಕು ಎಂಬುದನ್ನೇ.

ಪೂಜೆಯ ಬಟ್ಟೆ ಇಡುವ ಕೋಣೆಯಲ್ಲಿ ಹನ್ನೊಂದು ಮಂದಿ ಪೌಡರಿನ ಮೋಡದಲ್ಲಿ ನಿಂತಿದ್ದರು. ಫಾದರ್ ರೋಷನ ಇನಾಸನನ್ನು ಕಂಡವರೇ ಕೈ ಚಾಚಿ ಬಂದರು.

"ಬಾ ಇನಾಸ, ಬಾ! ನಿನಗೇ ಕಾಯ್ತಿದ್ದೆ. ಸಾಕ್ಸು ಯಾಕೆ? ತೆಗಿ, ನೋಡ್ತೇನೆ."

ಇನಾಸ ಹೆಮ್ಮೆಯಿಂದ ಬಲಗಾಲಿನ ಸಾಕ್ಸು ತೆಗೆದ. ನುಸಿಗುಳಿಗೆಯೊಂದು ಉರುಳಿ ಹೋಯಿತು. ಫಾದರ್ ರೋಷನರ ನಗು ಅಲ್ಲೇ ನಿಂತಿತು.

"ಇದು ಯಾರ ಕಾಲು?"

"ನಂದೇ ಫಾದರ್."

"ಬಣ್ಣ ಎಲ್ಲಿ?"

"ತೊಳೆದೆ ಫಾದರ್."

ಫಾದರ್ ರೋಷನ ಕುರ್ಚಿಗೆ ಕುಸಿದರು. ಕೆಟ್ಟವರಲ್ಲ ಅವರು. ಓದಿದವರು, ಬಡವರ ಬಗ್ಗೆ ಬಹಳ ಓದಿದವರು. ಬಂದರಕ್ಕೆ ಹೋದಾಗ ಏಣಿಯ ಮೇಲಿದ್ದ ಇನಾಸನ ಕಾಲು ಕಂಡಂದಿನಿಂದ ಅವರಿಗೆ ನಿದ್ದೆಯಿರಲಿಲ್ಲ. ಆ ಕಾಲಿನ ಮೇಲೆಯೇ ಇವತ್ತಿನ ಉಪದೇಶದ ಪ್ರಸಂಗ ಸಿದ್ಧಮಾಡಿದ್ದರು: ಒಂದೊಂದು ಬಣ್ಣಕ್ಕೆ ಒಂದೊಂದು ಮಾತು. ನೀಲಿ ಅಂದರೆ ಭರವಸೆ, ಹಸಿರು ಅಂದರೆ ಜೀವ, ಕೆಂಪು ಬಡವರ ಬೆವರು ರಕ್ತ. ಧರ್ಮಪ್ರಾಂತ್ಯದ ಪತ್ರಿಕೆಯವರಿಗೆ ಹೇಳಿ ಫೋಟೊ ತೆಗೆಯುವವನನ್ನೂ ಕರೆಸಿದ್ದರು. ಅವನು ಹೊರಗೆ ಕ್ಯಾಮೆರಾ ಒರೆಸುತ್ತಿದ್ದ.

"ಎಷ್ಟು ವರ್ಷದಿಂದ, ಹೋದ ಊರಲ್ಲೆಲ್ಲ, ಪೌಡರು ಹಾಕಿದ ಕಾಲು ತೊಳೀತಾ ಇದ್ದೇನೆ ಗೊತ್ತದೆಯಾ?" ಎಂದರು ಫಾದರ್ ರೋಷನ. "ಒಂದಾದ್ರೂ ಕೊಳೆ ಕಾಲು ಇರಲಿ ಅಂತ ನಿನ್ನ ಆರಿಸಿದ್ದು! ತೊಳ್ಕೊಂಡು ಬಾ ಅಂತ ನಿನಗೆ ಯಾರು ಹೇಳಿದ್ದು?"

ಇನಾಸ ಸಾಲ್ವದೋರ ಬಾಬರ ಕಡೆ ನೋಡಿದ. ಸಾಲ್ವದೋರ ಬಾಬ ಮೇಲಿನ ಫ್ಯಾನು ನೋಡಿದರು. "ಅದೇ ನಾನೂ ಬೆಳಿಗ್ಗೆ ಹೋಗಿ ಹೇಳಿ ಬಂದೆ ಫಾದರ್, ಇದ್ದ ಹಾಗೇ ಬಾ ಅಂತ. ಈ ಜನಕ್ಕೆ ತಲೆಗೆ ಹೋಗೂದಿಲ್ಲ."

ಹೊರಗೆ ಮೊದಲ ಗಂಟೆ ಹೊಡೆಯಿತು. ಸಾಲ್ವದೋರ ಬಾಬ ಹತ್ತಿರ ಬಂದು ಇನಾಸನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಆ ಹೆಗಲಿನ ಮೇಲೆ ಬಂದದ್ದು ಅದೇ ಮೊದಲು.

"ಇನ್ನೂ ಹೊತ್ತದೆ. ಹಿಂದೆ ಹೂವಿನ ಕುಂಡ ಅದೆ, ಈಗಷ್ಟೇ ನೀರು ಹಾಕಿದ್ದಾರೆ. ಧೂಪದ ಬಟ್ಟಲಲ್ಲಿ ಇದ್ದಿಲು ಅದೆ. ಎರಡೂ ಕಲಸಿ ಸ್ವಲ್ಪ ಹಚ್ಕೊಂಡು ಬಾ. ನಿನ್ನ ಕಾಲು ನಿನಗೆ ಗೊತ್ತಿಲ್ವಾ, ಹೆಂಗಿತ್ತೋ ಹಂಗೆ ಮಾಡು. ಫಾದರ್ ಪ್ರಸಂಗ ಹಾಳಾದ್ರೆ ಮುಂದಿನ ವರ್ಷ ಹೊಯ್ಗೆವಾಡಾ ಅಂತ ಯಾರೂ ಬಾಯಿ ಬಿಡೂದಿಲ್ಲ, ನೋಡು."

"ಸ್ವಲ್ಪ ಸಾಕು ಇನಾಸ" ಎಂದರು ಫಾದರ್ ರೋಷನ, ಮೆತ್ತಗೆ. "ಫೋಟೊದಲ್ಲಿ ಕಾಣುವಷ್ಟು."

ಇನಾಸ ಹಿತ್ತಲಿಗೆ ಹೋದ. ಹೇಳಿದ್ದು ಮಾಡಿಯೇ ರೂಢಿ. ಕ್ರೋಟನ್ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಸಿ ಮಣ್ಣಿಗೆ ಕೈಹಾಕಿ ಒಂದು ಹಿಡಿ ತೆಗೆದ. ಒಳ್ಳೆಯ ಮಣ್ಣು. ಹೊರಗಿನಿಂದ ತರಿಸಿದ್ದು. ಬೆಳಿಗ್ಗೆ ಕೆರೆದು ತೆಗೆದದ್ದನ್ನು ಸಂಜೆ ಮೆತ್ತಿಕೊಳ್ಳಬೇಕು, ಮೆತ್ತಿಕೊಂಡದ್ದನ್ನು ಅವರು ತೊಳೆಯಬೇಕು, ತೊಳೆದದ್ದಕ್ಕೆ ಮುತ್ತು ಕೊಡಬೇಕು. ಅವನು ಕಾಲು ನೋಡಿದ. ಲಂಗರಿನ ಕಲೆ ಅವನನ್ನು ನೋಡಿತು. ಪೇತ್ರನಿಗೂ ಯಾರಾದರೂ ಹೀಗೆ ಹಿತ್ತಲಿಗೆ ಕಳಿಸಿದ್ದರೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅಂಥದ್ದು ಎಲ್ಲೂ ಓದಿಸಿದ ಹಾಗಿರಲಿಲ್ಲ.

ಎರಡನೆಯ ಗಂಟೆ ಹೊಡೆಯಿತು.

ಇಗರ್ಜಿ ತುಂಬಿತ್ತು. ಹಿಂದೆ ಬಾಗಿಲಲ್ಲಿ ಹೊಯ್ಗೆವಾಡಾ ಇಡೀ ನಿಂತಿತ್ತು. ವೈಜಯಂತಿ ಕೂಡ ತನ್ನ ಕೆಲಸ ನೋಡಿಹೋಗಲು ತಲೆಗೆ ಸೆರಗು ಹೊದ್ದು ಬಂದಿದ್ದಳು. ಆನಮಾಯ್‌ಗೆ ಯಾರೋ ಸ್ಟೂಲು ಕೊಟ್ಟಿದ್ದರು. ಕೂತರೆ ಕಾಣುವುದಿಲ್ಲವೆಂದು ಅವಳು ಅದರ ಮೇಲೆ ಹತ್ತಿ ನಿಂತಿದ್ದಳು. ಫಾದರ್ ರೋಷನರ ಪ್ರಸಂಗ ಚೆನ್ನಾಗಿತ್ತು. "ನಮ್ಮ ನಡುವೆ ಒಂದು ಪಾದ ಇದೆ" ಎಂದು ಅವರು ಸುರುಮಾಡಿದಾಗ ಮುಂದಿನ ಬೆಂಚುಗಳಲ್ಲಿ ಕರವಸ್ತ್ರ ಹೊರಬಂತು. ನೀಲಿ, ಹಸಿರು, ಕೆಂಪು, ಒಂದೂ ಬಿಡಲಿಲ್ಲ. ಹನ್ನೆರಡನೆಯ ಕುರ್ಚಿಯಲ್ಲಿ ಇನಾಸ ಬಿಳಿ ಸಾಕ್ಸಿನ ಕಾಲು ಹಿಂದಕ್ಕೆಳೆದುಕೊಂಡು ಕೂತು ಕೇಳಿದ.

ಆಮೇಲೆ ಫಾದರ್ ರೋಷನ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲು ಬಿಗಿದು, ಬೋಗುಣಿ ಹಿಡಿದು ಬಂದರು. ಹನ್ನೊಂದು ಕಾಲು ಬೇಗ ಬೇಗ ಮುಗಿದವು. ನೀರಿನ ಮೇಲೆ ಪೌಡರು ತೇಲುತ್ತಿತ್ತು. ಹನ್ನೆರಡನೆಯ ಕುರ್ಚಿಯ ಮುಂದೆ ಅವರು ಮೊಣಕಾಲೂರಿದರು. ಕ್ಯಾಮೆರಾದವನೂ ಊರಿದ.

"ಸಾಕ್ಸು" ಎಂದು ಫಾದರ್ ಪಿಸುಗುಟ್ಟಿದರು.

ಇನಾಸ ಕಾಲನ್ನು ಕುರ್ಚಿಯಡಿಗೆ ಇನ್ನಷ್ಟು ಎಳೆದುಕೊಂಡ.

"ನನ್ನ ಕಾಲು ನೀವು ತೊಳೆಯೂದು ಬೇಡ ಫಾದರ್."

ಫಾದರರ ಕೊರಳ ಮೈಕು ಅದನ್ನು ಕೊನೆಯ ಕಂಬದವರೆಗೆ ಒಯ್ದಿತು. ಇಗರ್ಜಿ ಉಸಿರು ಬಿಗಿಹಿಡಿಯಿತು. ಮರುಕ್ಷಣ ಮೆಚ್ಚುಗೆಯಿಂದ ಬಿಟ್ಟಿತು. "ಪೇತ್ರನ ಮಾತು! ಎಷ್ಟು ಚೆಂದ ಕಲಿಸಿದ್ದಾರೆ!" ಎಂದು ಮುಂದಿನ ಬೆಂಚಿನ ಹೆಂಗಸೊಬ್ಬಳು ಕಣ್ಣೊರೆಸಿದಳು. ಸಾಲ್ವದೋರ ಬಾಬ ಮಾತ್ರ ಹುಬ್ಬಿನಿಂದ, ಗದ್ದದಿಂದ, ಕೊನೆಗೆ ಮುಷ್ಟಿಯಿಂದ 'ಚಾಚು' ಎಂದು ಸನ್ನೆ ಮಾಡುತ್ತಿದ್ದರು.

"ಕಾಲು ತೋರ್ಸಾ! ಬೆಳಿಗ್ಗೆಯಿಂದ ಕೆರೆದದ್ದು ಎಂತಕ್ಕೆ?" ಎಂದು ಬಾಗಿಲಿನಿಂದ ವೈಜಯಂತಿ ಕೂಗಿದಳು.

"ಎಂತಾ ಆಯ್ತು? ತೊಳೆದ್ರಾ?" ಎಂದು ಸ್ಟೂಲಿನ ಮೇಲಿಂದ ಆನಮಾಯ್ ಕೇಳಿದಳು.

"ಇನಾಸ, ಮಣ್ಣು ಹಚ್ಚಿದ್ದಿ ಅಲ್ವಾ? ಕಾಲು ಕೊಡು" ಎಂದರು ಫಾದರ್, ಮೈಕಿಗೆ ಕೈ ಮುಚ್ಚಿ.

"ಹಚ್ಚಲಿಲ್ಲ."

ಮೊಣಕಾಲಲ್ಲಿದ್ದ ಫಾದರ್ ರೋಷನರಿಗೆ ಈಗ ಎದ್ದು ಹೋಗುವ ದಾರಿಯೂ ಇರಲಿಲ್ಲ, ಮುಂದೆ ಹೋಗುವ ದಾರಿಯೂ ಇರಲಿಲ್ಲ. ಉಳಿದದ್ದು ಸುವಾರ್ತೆಯ ದಾರಿಯೊಂದೇ. ಅವರು ಮೈಕಿನಿಂದ ಕೈ ತೆಗೆದರು. ನಾನು ತೊಳೆಯದೆ ಹೋದರೆ ನನ್ನ ಜೊತೆ ನಿನಗೆ ಪಾಲೇ ಇರುವುದಿಲ್ಲ ಎಂದು, ಯೇಸು ಆ ಸಂಜೆ ಪೇತ್ರನಿಗೆ ಹೇಳಿದ್ದನ್ನು, ದೊಡ್ಡ ದನಿಯಲ್ಲಿ ಇನಾಸನಿಗೆ ಹೇಳಿದರು. ಇಡೀ ಇಗರ್ಜಿ ಮುಂದಕ್ಕೆ ಬಾಗಿತು. ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು.

ಪೇತ್ರ ಆಗ ಕಾಲು ಚಾಚಿದ್ದ. ಇನಾಸ ಚಾಚಲಿಲ್ಲ.